ಹಸಿವೆ ಹುಟ್ಟಿಸುವ ಗಾಡಿ

ಜೂನ್ ೩, ಮಂಗಳವಾರ

ನಿವೃತ್ತನಾಗಿ ಎರಡು ವರ್ಷವಾದರೂ ಈ ಮನೆಗೆ ಒಂದು ಶಿಸ್ತು ತರಲು ಆಗಿರಲಿಲ್ಲ. ಇವತ್ತು ಅದನ್ನು ತಂದೆ. ಅಡುಗೆಮನೆಯಿಂದ ದೇವರ ಗೂಡಿನ ತನಕ ಇರುವ ಎಲ್ಲ ಡಬ್ಬಿಗಳಿಗೂ ಚೀಟಿ ಬರೆದು ಅಂಟಿಸಿದೆ. ನೀರಾವರಿ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಫೈಲುಗಳಿಗೆ ಚೀಟಿ ಅಂಟಿಸಿದ ಕೈ ಇದು. ಒಂದು ಫೈಲೂ ಕಳೆದಿಲ್ಲ.

ಗೋಪಿಕಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು. "ಮೂಸಿ ನೋಡಿದ್ರ ತಿಳೀತದ, ಚೀಟಿ ಯಾಕ ಬೇಕ್ರಿ? ಅದೂ ಕನ್ನಡದಾಗ. ನನಗೆಲ್ಲಿ ಓದಾಕ ಬರ್ತದ?" ಎಂದಳು. ಹೆಂಡತಿ ಕಲಿತದ್ದು ಇಲ್ಲೇ ಸೋಲಾಪುರದ ಮರಾಠಿ ಶಾಲೆಯಲ್ಲಿ, ಮಗಳು ಸುರಭಿಯದೂ ಅದೇ ಕಥೆ. ಈ ಮನೆಯಲ್ಲಿ ಕನ್ನಡ ಓದುವವನು ನಾನೊಬ್ಬನೇ. ಆದ್ದರಿಂದಲೇ ಈ ದಿನಚರಿ ಮೇಜಿನ ಮೇಲೆ ತೆರೆದು ಬಿದ್ದಿದ್ದರೂ ಚಿಂತೆಯಿಲ್ಲ. ಮೂಗಿನಿಂದ ಮನೆ ನಡೆಸಲು ಬರುವುದಿಲ್ಲ ಎಂದು ಅವಳಿಗೆ ಹೇಳಿದೆ.

ದೇವರ ಗೂಡಿನ ಕೆಳಗೆ ಒಂದೇ ತರಹದ ಎರಡು ಬಿಳಿ ಕ್ಯಾನುಗಳಿವೆ. ಒಂದರಲ್ಲಿ ದೇವರ ದೀಪಕ್ಕೆ ಗಾಣದ ಕುಸುಬಿ ಎಣ್ಣೆ. ಇನ್ನೊಂದರಲ್ಲಿ ನನ್ನ ಲೂನಾ ಗಾಡಿಯ ಆಯಿಲು. ಪ್ರತಿ ಸಲ ಪೆಟ್ರೋಲಿಗೆ ಇದನ್ನು ಬೆರೆಸಿ ಹಾಕಬೇಕು, ಇಲ್ಲದಿದ್ದರೆ ಎಂಜಿನ್ ಉಳಿಯುವುದಿಲ್ಲ. ಎರಡನ್ನೂ ಹೊರಗಿನಿಂದ ತೊಳೆದು ಒರೆಸಿ, ಒಂದಕ್ಕೆ 'ದೇವರದು', ಇನ್ನೊಂದಕ್ಕೆ 'ಗಾಡಿಯದು' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಇನ್ನು ಗೊಂದಲಕ್ಕೆ ಜಾಗವಿಲ್ಲ.

ಜೂನ್ ೮, ಭಾನುವಾರ

ಅಕ್ಕಲಕೋಟದಿಂದ ಬೀಗರು ಬಂದಿದ್ದರು. ಫೆಬ್ರುವರಿಯಲ್ಲಿ ಸುರಭಿಯ ಮದುವೆಯಾದ ಮೇಲೆ ಒಬ್ಬರೇ ಬಂದದ್ದು ಇದೇ ಮೊದಲು. ಅಳಿಯ ಸಿದ್ಧರಾಮನನ್ನು ಸುರಭಿ ತಾನೇ ಆರಿಸಿಕೊಂಡಳು. ಅವನು ಅಲ್ಲಿನ ಕಾಲೇಜೊಂದರ ಗ್ರಂಥಾಲಯದಲ್ಲಿದ್ದಾನೆ, ಹುಡುಗ ಒಳ್ಳೆಯವನೇ. ಅವನ ತಂದೆ ಶಿವಶರಣಪ್ಪನವರು ಒಕ್ಕಲುತನ ಮಾಡುವವರು. ನಮ್ಮ ಜಾತಿಯವರಲ್ಲ, ನಮ್ಮ ರೀತಿಯವರೂ ಅಲ್ಲ. ಅವರೊಡನೆ ಏನು ಮಾತಾಡಬೇಕು ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಯಾರೋ ನೆಂಟರು ಇಲ್ಲಿ ದವಾಖಾನೆಯಲ್ಲಿದ್ದಾರಂತೆ. ಅವರನ್ನು ನೋಡಿ, ಮಾರ್ಕೆಟ್ ಯಾರ್ಡಿಗೂ ಹೋಗಿ ಬರಬೇಕಂತೆ, ಒಂದು ದಿನಕ್ಕೆ ಗಾಡಿ ಬೇಕಂತೆ. ಇಪ್ಪತ್ತೆಂಟು ವರ್ಷದಿಂದ ನನ್ನ ಲೂನಾವನ್ನು ಯಾರ ಕೈಗೂ ಕೊಟ್ಟಿಲ್ಲ. ಸುರಭಿಯನ್ನು ಬಾಲವಾಡಿಯಿಂದ ಬಿ.ಕಾಂ. ತನಕ ಇದೇ ಗಾಡಿಯ ಮೇಲೆ ಕರೆದೊಯ್ದೆ. ಆದರೆ ಹೆಣ್ಣು ಕೊಟ್ಟವನು ಗಂಡಿನ ತಂದೆಗೆ ಇಲ್ಲ ಅನ್ನುವುದು ಹೇಗೆ? ಕೊಟ್ಟೆ.

ಸಂಜೆ ತಂದು ನಿಲ್ಲಿಸಿದರು. ಪೆಟ್ರೋಲ್ ತುಂಬಿಸಿ ತಂದಿದ್ದರು. ಚಪ್ಪಲಿ ಬಿಡುತ್ತ, "ಬೀಗರ, ನಿಮ್ಮ ಗಾಡಿ ಮ್ಯಾಲ ಕುಂತ್ರ ಭಾಳ ಹಸಿವಿ ಆಗತದ ನೋಡ್ರಿ" ಎಂದು ನನ್ನ ಮುಖ ನೋಡಿದರು. ಬೆಳಿಗ್ಗೆಯ ಊಟ ಸಾಲಲಿಲ್ಲವೆಂದು ಚುಚ್ಚಿ ಆಡಿದ್ದು ಎಂದುಕೊಂಡೆ. ಗೋಪಿಕಾಳಿಂದ ಮತ್ತೆ ಉಪ್ಪಿಟ್ಟು ಮಾಡಿಸಿ ಬಡಿಸಿದೆ. ಅವರು ಉಪ್ಪಿಟ್ಟನ್ನೂ ನನ್ನನ್ನೂ ಒಂದೆರಡು ಸಲ ನೋಡಿ, ಸುಮ್ಮನೆ ತಿಂದು, ಬಸ್ಸಿಗೆ ಹೋದರು.

ಜೂನ್ ೧೨, ಗುರುವಾರ

ಈ ಸೋಲಾಪುರದ ಮಂದಿಗೆ ಏನಾಗಿದೆಯೋ, ಬೆಳಗಾದರೆ ಭಜಿ ಕರಿಯಲು ಕೂತಿರುತ್ತಾರೆ. ಹಾಲಿನ ಡೇರಿಗೆ ಹೋದರೆ ಭಜಿ ವಾಸನೆ, ಸಾತ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತರೆ ಭಜಿ ವಾಸನೆ. ತಿರುಗಿ ನೋಡಿದರೆ ಭಜಿಯ ತಳ್ಳುಗಾಡಿಯೂ ಇಲ್ಲ, ಬಾಣಲೆಯೂ ಇಲ್ಲ.

ಮನೆಯಲ್ಲಿ ಇನ್ನೊಂದು ರಗಳೆ. ಪೂಜೆಗೆ ಹಚ್ಚಿದ ದೀಪ ಒಂದೇ ಸಮ ಹೊಗೆಯಾಡುತ್ತದೆ. "ಈ ಎಣ್ಣಿ ಬ್ಯಾರೆ ವಾಸನಿ ಹೊಡೀತದ್ರಿ" ಎಂದು ಗೋಪಿಕಾ ರಾಗ ಎಳೆದಳು. ಚೀಟಿ ತೋರಿಸಿ ಓದಿ ಹೇಳಿದೆ: ದೇವರದು. ತಾನು ಹೊಸೆದ ಬತ್ತಿ ಒದ್ದೆಯಿದ್ದರೆ ಎಣ್ಣೆಯ ಮೇಲೆ ತಪ್ಪು ಹೊರಿಸುವುದು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ.

ಜೂನ್ ೧೯, ಗುರುವಾರ

ಗಾಡಿ ಹೋಯಿತು.

ಸಾತ ರಸ್ತೆಯ ನಟ್ಟನಡುವೆ ಕರ್ರ್ ಎಂದು ನಿಂತುಬಿಟ್ಟಿತು. ಪೆಡಲು ತುಳಿದರೆ ಗೋಡೆ ತುಳಿದ ಹಾಗೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದದ್ದೇ ಹೊಡೆದದ್ದು. ಈ ಮೊಣಕಾಲು ಇಟ್ಟುಕೊಂಡು ನಿಲೇಶನ ಗ್ಯಾರೇಜಿನ ತನಕ ನೂಕಿದೆ. ಅವನು ಬಿಚ್ಚಿ ತೋರಿಸಿದ. ಪಿಸ್ಟನ್ ಕಚ್ಚಿಕೊಂಡು, ಸಿಲಿಂಡರಿನ ಒಳಗೋಡೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು. "ಆಯಿಲ್ ಬರೋಬರ್ ನವ್ಹತ, ಕಾಕಾ" ಎಂದ. ಆಯಿಲು ಸರಿ ಇರಲಿಲ್ಲ ಅಂತ. ಈ ಸಿಲಿಂಡರನ್ನು ಮೊದಲೇ ಎರಡು ಸಲ ಕೊರೆಸಿ ದೊಡ್ಡದು ಮಾಡಿಸಿದೆ, ಇನ್ನು ಕೊರೆಯಲು ಕಬ್ಬಿಣವೇ ಇಲ್ಲ. ಬೇರೆ ಸಿಲಿಂಡರ್ ಹಾಕಬೇಕು. ಅದು ಈಗ ಎಲ್ಲೂ ಸಿಗುವುದಿಲ್ಲ, ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿಬಿಡಿ ಅಂದ. ಇಪ್ಪತ್ತೆಂಟು ವರ್ಷದ ಗಾಡಿಯನ್ನು ಭಂಗಾರಕ್ಕೆ ಹಾಕಬೇಕಂತೆ.

ಆಯಿಲು ಸರಿ ಇರಲಿಲ್ಲ ಅಂದರೆ ಅರ್ಥವೇನು? ನಾನು ಮುಚ್ಚಳದಲ್ಲಿ ಅಳೆದು, ಚೀಟಿ ಓದಿ ಹಾಕುವವನು. ನಾನಲ್ಲದೆ ಈ ಗಾಡಿಗೆ ಪೆಟ್ರೋಲ್ ಹಾಕಿಸಿದವರು ಒಬ್ಬರೇ. ಬರೀ ಪೆಟ್ರೋಲ್ ತುಂಬಿಸಿ, ಊರೆಲ್ಲ ಸುತ್ತಿ, ಹಸಿವೆ ಅಂತ ಬೇರೆ ಹೇಳಿ, ನನ್ನ ಉಪ್ಪಿಟ್ಟು ತಿಂದು ಹೋದರು.

ಜೂನ್ ೨೦, ಶುಕ್ರವಾರ

ಅವರಿಗೆ ಹೇಳುವ ಹಾಗಿಲ್ಲ. ನಾಳೆ ನನ್ನ ಮಗಳು ಅವರ ಮನೆಯಲ್ಲೇ ಉಣ್ಣಬೇಕು. ಬೇರೆ ಯಾರಾದರೂ ಆಗಿದ್ದರೆ ಮನೆಗೇ ಹೋಗಿ ಜಾಡಿಸಿ ಬರುತ್ತಿದ್ದೆ. ಇಲ್ಲಿ ಬಾಯಿಗೆ ಬೀಗ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿದ್ದೇನೆ. ಹೊಟ್ಟೆಯುರಿ ತಡೆಯದೆ ಗೋಪಿಕಾಳ ಮುಂದೆ ಮಾತ್ರ ಹೇಳಿದೆ.

ಜೂನ್ ೨೬, ಗುರುವಾರ

ಸುರಭಿಯ ಫೋನು. ನಮಸ್ಕಾರವಿಲ್ಲ, ಆರೋಗ್ಯ ವಿಚಾರಣೆಯಿಲ್ಲ.

"ಅಪ್ಪಾ, ನಮ್ಮ ಮಾವಾರು ಎಣ್ಣಿ ಹಾಕದ ಗಾಡಿ ಕೆಡಿಸಿದ್ರು ಅಂದಿಯಂತ?"

"ನಾ ಯಾರ ಮುಂದೂ ಅಂದಿಲ್ಲ. ನಿಮ್ಮ ಆಯಿ ಮುಂದ ಅಂದೆ."

"ಆಯಿ ಮುಂದ ಅಂದ್ರ ರೇಡಿಯೋದಾಗ ಅಂದಂಗ. ಅಪ್ಪಾ, ಅವರೂ ಇಪ್ಪತ್ತು ವರ್ಷದಿಂದ ಲೂನಾನ ಹೊಡ್ಯಾಕತ್ತ್ಯಾರ. ಅವರಿಗೆ ಅಷ್ಟು ತಿಳ್ಯಾಂಗಿಲ್ಲೇನು?"

ಇಪ್ಪತ್ತು ವರ್ಷ ಅಡುಗೆ ಮಾಡಿದವರೂ ಒಂದು ದಿನ ಉಪ್ಪು ಮರೆಯುತ್ತಾರೆ ಎಂದೆ.

"ಖರೇನ ಅವರ ತಪ್ಪಿದ್ರ ಇಲ್ಲಿ ಬಂದು ಅವರ ಮುಂದ ಹೇಳು. ಇಲ್ಲಾಂದ್ರ ತಪ್ಪಾತು ಅನ್ನು. ಎರಡರಾಗ ಒಂದು ಆಗೂತನಾ ನಾ ಪಂಚಮಿಗೆ ಬರಂಗಿಲ್ಲ" ಎಂದು ಇಟ್ಟುಬಿಟ್ಟಳು.

ಮದುವೆಯಾದ ಮೇಲಿನ ಮೊದಲ ನಾಗರ ಪಂಚಮಿ, ಮಗಳು ತವರಿಗೆ ಬರಬೇಕಾದ ಹಬ್ಬ. ಜೋಕಾಲಿಯ ಹಗ್ಗ ತಂದಿಟ್ಟಿದ್ದೇನೆ. ಗೋಪಿಕಾ ಉಂಡಿಗೆಂದು ಎಳ್ಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಅಳಲು ಕೂತಳು. ಒಬ್ಬಳೇ ಮಗಳು. ನನಗೂ ಅಳು ಬಂತು, ಅದನ್ನು ಬರೆಯಲು ನಾಚಿಕೆಯೇನು, ಓದುವವರು ಯಾರಿದ್ದಾರೆ. ಒಂದು ಗಾಡಿ ಹಾಳುಮಾಡಿದ್ದಲ್ಲದೆ ಮಗಳನ್ನೂ ನನ್ನಿಂದ ಕಿತ್ತುಕೊಂಡರು, ಆ ದೊಡ್ಡ ಮನುಷ್ಯರು.

ಜುಲೈ ೧, ಮಂಗಳವಾರ

ಹಾಲಿನ ಡೇರಿಗೆ ನಡೆದೇ ಹೋದೆ. ಮೊಣಕಾಲು ಹಿಡಿದುಕೊಂಡಿತು. ನವೀ ಪೇಠೆಯ ಎಂಟು ಅಂಗಡಿ ಕೇಳಿದೆ. ಸಿಲಿಂಡರ್ ಇಲ್ಲ, ಇಲ್ಲ, ಇಲ್ಲ. ಒಬ್ಬ ನಕ್ಕ.

ಜುಲೈ ೧೦, ಗುರುವಾರ

ಮುಂಜಾನೆ ಒಂಬತ್ತಕ್ಕೆ ಬೀಗರು ಬಾಗಿಲಲ್ಲಿ. ಬಗಲಲ್ಲಿ ಟವೆಲಿನಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಸಿಲಿಂಡರು, ಅದಕ್ಕೆ ಸರಿಯಾದ ಪಿಸ್ಟನ್ನು, ರಿಂಗುಗಳ ಸಮೇತ. ಹೊಸದಲ್ಲ, ಆದರೆ ಒಳಗೋಡೆ ಕನ್ನಡಿಯ ಹಾಗಿದೆ.

"ಎಲ್ಲಿ ಸಿಕ್ತ್ರಿ?" ಎಂದೆ.

"ನಮ್ಮ ಕಡೆ ಸಿಕ್ತ್ರಿ" ಎಂದರು. ಅಷ್ಟೇ.

ಸುರಭಿ ಹೇಳಿರಬೇಕು. ಮನಸ್ಸಿಗೆ ಚುಚ್ಚಿರಬೇಕು. ತಪ್ಪು ಮಾಡಿದವರು ಸರಿಮಾಡಲು ತಂದರು, ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆದರೂ ಚಹಾ ಕೊಟ್ಟೆ. ಕೆಡಿಸಿದ್ದರ ಬಗ್ಗೆ ಅವರೂ ಒಂದು ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಲೇಶ ಹಳೆ ಗಾಡಿಗೆ ಕೈ ಹಚ್ಚುವುದಿಲ್ಲ ಅಂದಿದ್ದಾನೆ ಎಂದೆ. "ಅವನ್ಯಾಕ ಬೇಕ್ರಿ, ನಾವಿಬ್ರು ಇದ್ದೀವಲ್ಲ" ಎಂದರು. ಹೊಲದಲ್ಲಿ ತೊಗರಿಗೆ ಎಡೆ ಹೊಡೆದು ಕಳೆ ತೆಗೆಯುವ ಕೆಲಸವಿದೆಯಂತೆ, ಅದನ್ನು ಮುಗಿಸಿ ಭಾನುವಾರ ಬರುತ್ತಾರಂತೆ. ಬರಲಿ.

ಜುಲೈ ೧೩, ಭಾನುವಾರ

ಇಡೀ ದಿನ ಅಂಗಳದಲ್ಲಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದ ಹಾಗೆ ನಮ್ಮಿಬ್ಬರ ಕೆಲಸ. ನನ್ನ ಹತ್ತಿರ ಗಾಡಿಯ ಜೊತೆ ಬಂದ ಪುಸ್ತಕ ಇನ್ನೂ ಇದೆ. ಅದರ ಪ್ರಕಾರ ಒಂದಾದ ಮೇಲೆ ಒಂದು ಮಾಡೋಣ ಎಂದು ನಾನು. ಅವರು ಪುಸ್ತಕದ ಕಡೆ ತಿರುಗಿಯೂ ನೋಡದೆ ಎಂಜಿನ್ನಿನ ತೆರೆದ ಬಾಯಿಗೆ ಬಟ್ಟೆ ತುರುಕಿದರು. ಇದು ಪುಸ್ತಕದಲ್ಲಿಲ್ಲ ಎಂದೆ. "ಏನಾರ ಬಿದ್ರ ಒಳಗ ಹೋಗಬಾರದಲ್ರಿ" ಎಂದರು. ಹತ್ತು ನಿಮಿಷಕ್ಕೆ ಪಿಸ್ಟನ್ ಪಿನ್ನಿನ ಸಣ್ಣ ಕ್ಲಿಪ್ಪು ನನ್ನ ಕೈಯಿಂದ ಚಿಮ್ಮಿ, ಸೀದಾ ಆ ಬಟ್ಟೆಯ ಮೇಲೆ ಬಿತ್ತು. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪಿಸ್ಟನ್ನಿನ ತಲೆಯ ಮೇಲಿನ ಬಾಣ ಸೈಲೆನ್ಸರಿನ ಕಡೆಗೆ ಇರಬೇಕು. ನಾನು ತಿರುಗುಮುರುಗು ಕೂರಿಸಿದ್ದೆ. ಅವರು ಕೆಮ್ಮಿದರು. ಮತ್ತೆ ಬಿಚ್ಚಿ ತಿರುಗಿಸಿದೆ. ಬೆಳಿಗ್ಗೆಯಿಂದ ಅವರು ನಾಲ್ಕು ಸಲ ಕೆಮ್ಮಿದ್ದಾರೆ, ನಾಲ್ಕು ಸಲವೂ ನಾನೇ ಎಡವಿದ್ದೆ. ಮನುಷ್ಯ ಬಾಯಿ ಬಿಟ್ಟು ಹೇಳಬಾರದೇ.

ಸಿಲಿಂಡರಿನ ಬುಡಕ್ಕೆ ಕೂರಿಸುವ ಕಾಗದದ ಪ್ಯಾಕಿಂಗು ಹರಿದಿತ್ತು. ದಪ್ಪ ಕಾರ್ಡು ಇದ್ದರೆ ಕತ್ತರಿಸಬಹುದು ಎಂದರು. ಮನೆಯಲ್ಲಿ ದಪ್ಪ ಕಾರ್ಡೆಂದರೆ ಸುರಭಿಯ ಮದುವೆಯ ಪತ್ರಿಕೆಗಳು, ಹಂಚಿ ಉಳಿದ ಒಂದು ಕಟ್ಟು. ಅವರು ಒಂದನ್ನು ತೆಗೆದುಕೊಂಡು ಕನ್ನಡದ ಬದಿಯನ್ನು ಮೇಲಿಂದ ಕೆಳಗೆ ಪೂರ್ತಿ ಗಟ್ಟಿಯಾಗಿ ಓದಿದರು. ಈ ಅಂಗಳದಲ್ಲಿ ಇನ್ನೊಬ್ಬರು ಕನ್ನಡ ಓದಿದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. "ಹೆಸರು ಇರೂ ಜಾಗಾ ಬ್ಯಾಡ್ರಿ" ಎಂದು ಹೂವಿನ ಅಂಚಿರುವ ಕಡೆ ಗುರುತು ಹಾಕಿ ಕತ್ತರಿಸಿದರು. ಅಳತೆ ಎಷ್ಟು ಸರಿಯಾಗಿ ಕೂತಿತೆಂದರೆ ಗ್ಯಾರೇಜಿನವರಿಗೂ ಹಾಗೆ ಬರುವುದಿಲ್ಲ.

ಕೈ ತೊಳೆಯಲು ಒಳಗೆ ಬಂದವರು ದೇವರ ಗೂಡಿನ ಮುಂದೆ ನಿಂತು ನನ್ನ ಚೀಟಿಗಳನ್ನೂ ಓದಿದರು. "ಅಕ್ಷರ ಭಾಳ ಚಂದ ಅದಾವ್ರಿ ಬೀಗರ." 'ಗಾಡಿಯದು' ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟರು. ರೈತರಿಗೆ ಎಲ್ಲವನ್ನೂ ಮೂಸುವ ಚಟ.

ಜುಲೈ ೧೫, ಮಂಗಳವಾರ

ಉಳಿದ ಕೆಲಸಕ್ಕೆ ಬೀಗರು ಇವತ್ತು ಮತ್ತೆ ಬಂದರು. ಗಾಡಿ ಶುರುವಾಯಿತು. ನಾಲ್ಕನೇ ಪೆಡಲಿಗೆ. ಗೋಪಿಕಾ ಸಕ್ಕರೆ ಹಂಚಿದಳು.

ಆದರೆ ಒಂದು ಮಾತು ಬರೆಯಲೇಬೇಕು. ಪೆಟ್ರೋಲಿಗೆ ಆಯಿಲು ಬೆರೆಸಲು ನನ್ನ ಕ್ಯಾನು ತಂದರೆ, ಬೀಗರು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಮ್ಮ ಚೀಲದಿಂದ ಸೀಲು ಒಡೆಯದ ಡಬ್ಬಿ ತೆಗೆದರು. "ಹೊಸಾ ಸಿಲಿಂಡರಿಗೆ ಇದಾ ಹೊಂದತದ್ರಿ. ಇದು ತೀರೂತನಾ ಬ್ಯಾರೆ ಹಾಕಬ್ಯಾಡ್ರಿ" ಎಂದರು. ಆಯಿಲು ಹಾಕದೆ ಗಾಡಿ ಕೆಡಿಸಿದವರು ನನಗೆ ಆಯಿಲಿನ ಪಾಠ ಹೇಳುತ್ತಾರೆ. ನುಂಗಿಕೊಂಡೆ.

ಪಂಚಮಿಯ ಮಾತು ಇಬ್ಬರೂ ಎತ್ತಲಿಲ್ಲ.

ಜುಲೈ ೨೦, ಭಾನುವಾರ

ಗಾಡಿ ಚೆನ್ನಾಗಿ ಓಡುತ್ತಿದೆ. ಬೀದಿಯಲ್ಲಿ ಭಜಿ ಕರಿಯುವ ಹುಚ್ಚೂ ಬಿಟ್ಟ ಹಾಗಿದೆ. ಬೀಗರು ಈ ಭಾನುವಾರ ಬರಲಿಲ್ಲ, ಬರುವ ಕಾರಣವೂ ಇಲ್ಲ. ಆದರೂ ಹನ್ನೊಂದಕ್ಕೆ ಎರಡು ಕಪ್ಪು ಚಹಾ ಮಾಡಿಸಿಬಿಟ್ಟೆ. ಎರಡನ್ನೂ ನಾನೇ ಕುಡಿಯಬೇಕಾಯಿತು.

ಸುರಭಿಗೆ ಫೋನು ಹಚ್ಚಿದೆ. ಎತ್ತಲಿಲ್ಲ.

ಜುಲೈ ೨೭, ಭಾನುವಾರ

ಪಂಚಮಿಗೆ ಇನ್ನೆರಡು ದಿನ. ಮಗಳು ಬರದಿದ್ದರೂ ಹಬ್ಬ ಹಬ್ಬವೇ ಎಂದು ಗೋಪಿಕಾ ದೇವರ ಗೂಡು ತೊಳೆಯಲು ತೆಗೆದಳು. ವೆಂಕಟರಮಣನ ಪಟದ ಗಾಜು ಕರ್ರಗಾಗಿತ್ತು. ಗೂಡಿನ ಛಾವಣಿಯೂ ಕಪ್ಪು. ಅವಳು ಒರೆಸಿದ ಬಟ್ಟೆಯನ್ನು ನನ್ನ ಮೂಗಿಗೆ ಹಿಡಿದು, "ಇದೇನ ವಾಸನಿ? ನೀವ ಹೇಳ್ರಿ. ಚೀಟಿ ಓದಬ್ಯಾಡ್ರಿ, ಮೂಸ್ರಿ" ಎಂದಳು.

ಮೂಸಿದೆ. ನಿಲೇಶನ ಗ್ಯಾರೇಜಿನ ವಾಸನೆ.

'ದೇವರದು' ಕ್ಯಾನು ಬಿಚ್ಚಿ ಬೆರಳದ್ದಿದೆ. ಆಯಿಲು. 'ಗಾಡಿಯದು' ಬಿಚ್ಚಿ ಬೆರಳದ್ದಿದೆ. ನಾಲಿಗೆಗೂ ಹಚ್ಚಿಕೊಂಡೆ. ಕುಸುಬಿ ಎಣ್ಣೆ.

ಗೂಡಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ. ಜೂನ್ ಮೂರಕ್ಕೆ ಎರಡನ್ನೂ ತೊಳೆದು ಒರೆಸಿ ಅದಲುಬದಲು ಚೀಟಿ ಹಚ್ಚಿದವನು ನಾನು. ಕುಸುಬಿ ಎಣ್ಣೆ ಕುಡಿಸಿ ಇಪ್ಪತ್ತೆಂಟು ವರ್ಷದ ಗಾಡಿಯನ್ನು ಕೊಂದವನು ನಾನು. ಬಾಣಲೆಯಿಲ್ಲದ ಆ ಭಜಿ ವಾಸನೆ ನನ್ನದೇ ಗಾಡಿಯ ಸೈಲೆನ್ಸರಿನದು. ಗೋಪಿಕಾ ಮೊದಲ ವಾರವೇ ಹೇಳಿದ್ದಳು. ನಿಲೇಶನೂ ಹೇಳಿದ್ದ. ಹೆಣ್ಣು ಕೊಟ್ಟ ಮನೆಯ ಹಿರಿಯರ ಮೇಲೆ ತಪ್ಪು ಹೊರಿಸಿ, ಅವರನ್ನು ಎರಡು ದಿನ ಅಂಗಳದಲ್ಲಿ ಕೂರಿಸಿ ದುಡಿಸಿದೆ. ನಾಚಿಕೆಯಾಗುತ್ತದೆ. ಇದಕ್ಕೆ ಬೇರೆ ಶಬ್ದ ಹುಡುಕುವುದು ಬೇಡ.

ಗೋಪಿಕಾ ನಗಲಿಲ್ಲ, ಅಣಕಿಸಲೂ ಇಲ್ಲ. "ನಾಳೆ ಅಕ್ಕಲಕೋಟಕ್ಕ ಹೋಗ್ರಿ" ಎಂದಳು, ಅಷ್ಟೇ.

ಜುಲೈ ೨೮, ಸೋಮವಾರ

ಲೂನಾದ ಮೇಲೇ ಹೋದೆ. ಜೋಡಿಸಿ ಹದಿನೈದು ದಿನವೂ ಆಗದ ಎಂಜಿನ್ನು, ಬಿಸಿಯಾಗಬಾರದೆಂದು ಎರಡು ಮೈಲಿಗೊಮ್ಮೆ ಬೇವಿನ ಮರ ಹುಡುಕಿ ನಿಲ್ಲಿಸಿದೆ. ವಳಸಂಗದಲ್ಲಿ ಚಹಾ ಕುಡಿಯುತ್ತ ಹೇಳಬೇಕಾದ ಮಾತನ್ನು ಮೂರು ತರಹ ಕೂಡಿಸಿ ನೋಡಿದೆ. ಮೂರೂ ಕಚೇರಿಯ ಅರ್ಜಿಯ ಹಾಗಿದ್ದವು.

ಸುರಭಿ ಬಾಗಿಲಿಗೆ ಬಂದಳು. ನಗಲಿಲ್ಲ. "ಮಾವಾರು ಹೊಲಕ್ಕ ಹೋಗ್ಯಾರ. ಗಾಡಿ ಬಿಸಲಾಗ ಯಾಕ, ಒಳಗ ಹಚ್ಚು" ಎಂದು ಪಕ್ಕದ ತಗಡಿನ ಶೆಡ್ಡು ತೋರಿಸಿದಳು. ಅಲ್ಲಿ ಇನ್ನೊಂದು ಲೂನಾ ನಿಂತಿತ್ತು. ಸಿಲಿಂಡರ್ ಇರಬೇಕಾದ ಜಾಗ ಖಾಲಿ. ಎಂಜಿನ್ನಿನ ಬಾಯಿಗೆ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಹಾಕಿ ದಾರದಿಂದ ಬಿಗಿದಿದ್ದರು.

"ಇದು?"

"ಮಾವಾರದು."

"ನೀ ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದಿದ್ರು. ಹೆಣ್ಣಿನ ಅಪ್ಪಗ ಸಂಕೋಚ ಆಗತದ ಅಂದ್ರು."

"ಹೊಲಕ್ಕ ಹ್ಯಾಂಗ ಹೋಗ್ತಾರ?"

"ನಡಕೋತ. ಮೂರು ಮೈಲ."

ಹಾಲಿನ ಡೇರಿಗೆ ನಡೆದು ಹೋದೆನೆಂದು ಮೊಣಕಾಲಿನ ಪುರಾಣ ಬರೆದಿದ್ದೆ, ಇದೇ ವಹಿಯಲ್ಲಿ.

ಒಂದು ಗಂಟೆಗೆ ಬಂದರು. ಮೊಣಕಾಲ ತನಕ ಕರಿ ಮಣ್ಣು. ನನ್ನನ್ನು ನೋಡಿ, "ಬರ್ರಿ ಬೀಗರ, ಬರ್ರಿ, ಗಾಡಿ ತ್ರಾಸ ಕೊಟ್ಟಿಲ್ಲಲ್ರಿ?" ಎಂದರು. ಅವರು ಕಾಲು ತೊಳೆಯುವ ತನಕವೂ ನನಗೆ ತಡೆಯಲಾಗಲಿಲ್ಲ. ಕೂಡಿಸಿಟ್ಟುಕೊಂಡ ಮೂರು ಮಾತೂ ಮರೆತುಹೋದವು.

"ಎಣ್ಣಿ ತಪ್ಪು ನಂದದ್ರಿ. ದೇವರದು ಗಾಡಿಗೆ ಹಾಕೀನಿ, ಗಾಡೀದು ದೇವರಿಗೆ ಹಾಕೀನಿ. ನಿಮ್ಮ ಮ್ಯಾಲ ಹೊರಿಸಿದೆ. ತಪ್ಪಾತು."

ಸುರಭಿ ಚೊಂಬು ಹಿಡಿದು ಅಲ್ಲೇ ನಿಂತಿದ್ದಳು. ಅವರು ಅವಳ ಕೈಯಿಂದ ನೀರು ತೆಗೆದುಕೊಂಡು ನಿಧಾನವಾಗಿ ಕಾಲು ತೊಳೆದರು.

"ನನಗ ಅವತ್ತ ಗೊತ್ತಾಗಿತ್ತ್ರಿ. ಕುಸುಬಿ ಬೆಳ್ಯಾವ ನಾ. ಗಾಡಿ ಶುರು ಮಾಡಿದ ಕೂಡಲೆ ವಾಸನಿ ಹತ್ತಿತು. ಅದಕ್ಕ ಅಂದೆ, ನಿಮ್ಮ ಗಾಡಿ ಮ್ಯಾಲ ಕುಂತ್ರ ಹಸಿವಿ ಆಗತದ ಅಂತ. ನೀವು ಉಪ್ಪಿಟ್ಟು ತಂದು ಇಟ್ರಿ."

ನನಗೆ ಸಿಟ್ಟೇ ಬಂತು. "ಬಾಯಿ ಬಿಟ್ಟು ಹೇಳಬಾರದೇನ್ರಿ? ಅವತ್ತ ಹೇಳಿದ್ರ ಗಾಡಿ ಉಳೀತಿತ್ತು."

"ಹೆಣ್ಣು ಕೊಟ್ಟಾವ್ರಿಗೆ ತಪ್ಪು ನಿಮ್ಮದದ ಅಂತ ಹ್ಯಾಂಗ ಹೇಳೂದ್ರಿ? ಗಂಡಿನವರಿಗೆ ಸೊಕ್ಕು ಬಂದದ ಅಂತೀರಿ. ನೀವು ನನಗ ಹೇಳಲಿಲ್ಲ, ನಾ ನಿಮಗ ಹೇಳಲಿಲ್ಲ. ನಡುವ ಸಿಲಿಂಡರ್ ಹೋತು."

ಸುರಭಿ ನಕ್ಕಳು. ತಿಂಗಳ ಮೇಲೆ ಆ ನಗು ಕೇಳಿದೆ.

ಊಟವಾದ ಮೇಲೆ ಲೂನಾದ ಕೀಲಿಯನ್ನು ಅವರ ಮುಂದಿಟ್ಟೆ. ಹೌಹಾರಿದರು. "ಬ್ಯಾಡ್ರಿ ಬೀಗರ, ಹೆಣ್ಣಿನವರ ಗಾಡಿ ಮನ್ಯಾಗ ಇಟ್ಕೊಂಡ್ರ ಮಂದಿ ಹುಂಡಾ, ವರದಕ್ಷಿಣಿ ಅಂತಾರ" ಎಂದರು. ಚಕ್ರ ನಮ್ಮವು, ಸಿಲಿಂಡರ್ ನಿಮ್ಮದು, ಇದರಲ್ಲಿ ಯಾರು ಯಾರಿಗೆ ಕೊಟ್ಟ ಹಾಗಾಯಿತು ಎಂದೆ. ಅರ್ಧ ಗಂಟೆ ಜಗಳಾಡಿದೆವು, ಬಾಯಿ ಬಿಟ್ಟು ಜಗಳಾಡಿದೆವು. ಕಡೆಗೆ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಎಂದು ಠರಾವಾಯಿತು. ಮೊದಲ ತಿಂಗಳು ಅಲ್ಲಿ. ಆಯಿಲು ಅವರೇ ಹಾಕುವರಂತೆ. ಅದಕ್ಕೆ ಮಾತ್ರ ನಾನು ವಾದ ಮಾಡಲಿಲ್ಲ.

ಸುರಭಿಯನ್ನು ಕರೆದುಕೊಂಡು ಎಸ್‌ಟಿ ಬಸ್ಸಿನಲ್ಲಿ ಬಂದೆ. ಸೀಟಿನ ಸ್ಪ್ರಿಂಗು ಹೊರಗೆ ಬಂದಿತ್ತು, ಸೊಂಟ ಮುರಿದುಹೋಗಿದೆ. ಕಿಟಕಿ ಮುಚ್ಚುವುದಿಲ್ಲ, ಕಂಡಕ್ಟರನಿಗೆ ಹೇಳಿದರೆ ಕೇಳುವುದಿಲ್ಲ. ಸುರಭಿ ನನ್ನ ಹೆಗಲ ಮೇಲೆ ತಲೆಯಿಟ್ಟು ಕುಂಭಾರಿಯ ತನಕ ನಿದ್ದೆ ಮಾಡಿದಳು.

ಜುಲೈ ೨೯, ಮಂಗಳವಾರ. ನಾಗರ ಪಂಚಮಿ

ಜೋಕಾಲಿ ಕಟ್ಟಿದೆ. ಗಂಟು ಸಡಿಲ ಎಂದು ತಾಯಿ ಮಗಳು ಕೂಡಿ ಮೂರು ಸಲ ಬಿಚ್ಚಿಸಿದರು.

ಮುಂಜಾನೆ ಪೂಜೆಗೆ ಕೂತಾಗ ಗೂಡಿನ ಕೆಳಗೆ ಎರಡು ಕ್ಯಾನುಗಳಿದ್ದವು. ಗೋಪಿಕಾ ಚೀಟಿಗಳನ್ನು ನೀರು ಹಚ್ಚಿ ಕಿತ್ತುಹಾಕಿದ್ದಳು. ಸರಿಯಾದ ಚೀಟಿ ಬರೆಯೋಣವೆಂದು ಪೆನ್ನು ತೆಗೆದವನು ಹಾಗೇ ಜೇಬಿಗೆ ಇಟ್ಟುಕೊಂಡೆ. ಒಂದು ಕ್ಯಾನನ್ನು ಅವಳ ಮುಂದೆ ಹಿಡಿದೆ. ಅವಳು ಮುಚ್ಚಳ ತೆಗೆದು, ಮೂಸಿ, "ಇದು ದೇವರದು" ಎಂದಳು.

ದೀಪ ಹಚ್ಚಿದೆ. ಹೊಗೆ ಬರಲಿಲ್ಲ.